ಶಂಖಕ್ಕನ ಮನೆಗೆ ಕಾದ ಏಡಿ

ಕಡಲಿಗೆ ಆಗಷ್ಟೇ ಉಪ್ಪು ಹಾಕಿದ್ದರು, ಅದಿನ್ನೂ ಪೂರ್ತಿ ಕರಗಿರಲಿಲ್ಲ. ದಡಕ್ಕೆ ಬಂದ ಮೇಲೆ ಹಿಂದಕ್ಕೆ ಹೋಗಬೇಕೆಂಬುದನ್ನು ಅಲೆಗಳು ಇನ್ನೂ ಕಲಿಯುತ್ತಿದ್ದವು. ಲೋಕ ಅಷ್ಟು ಹೊಸದಾಗಿದ್ದ ಕಾಲ ಅದು.

ಕಡಲಿನ ನಡುವೆ ಒಂದು ಪುಟ್ಟ ನಡುಗಡ್ಡೆ. ಒಂದು ಬದಿಗೆ ಕರಿಕಲ್ಲು, ಇನ್ನೊಂದು ಬದಿಗೆ ಬಿಳಿ ಮರಳು. ಅಲ್ಲಿ ಜಟ್ಟು ಎಂಬ ಏಡಿ ತನ್ನ ಪುಟಾಣಿ ತಂಗಿ ಚಿಟ್ಟಿಯ ಜೊತೆ ಇದ್ದ.

ಆಗ ಕಡಲಮ್ಮ ಎಲ್ಲ ಏಡಿಗಳಿಗೂ ಮೈತುಂಬ ಗಟ್ಟಿ ಚಿಪ್ಪು ತೊಡಿಸಿದ್ದಳು. ಬೆನ್ನಿಗೂ ಚಿಪ್ಪು, ಹೊಟ್ಟೆಗೂ ಚಿಪ್ಪು. ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಅದು ಜಟ್ಟುವಿಗೆ ಸರಿಯಾಗಿ ಕೂತಿತ್ತು. ಬಣ್ಣ ಮಾತ್ರ ಕೆಸರಿನದು. ಆದರೂ ಜಟ್ಟು ಸುಖವಾಗಿದ್ದ, ಶಂಖಕ್ಕನ ಮನೆ ಕಣ್ಣಿಗೆ ಬೀಳುವವರೆಗೆ.

ಶಂಖಕ್ಕ ಎಂದರೆ ಮೆತ್ತನೆ ಮೈಯ ಶಂಖದ ಹುಳು. ಅವಳು ಕಡಲ ನೀರಿನಿಂದಲೇ ಚೂರು ಚೂರು ಸುಣ್ಣ ಆರಿಸಿ, ಸುತ್ತಿ ಸುತ್ತಿ ತನ್ನ ಮನೆ ತಾನೇ ಕಟ್ಟಿಕೊಂಡಿದ್ದಳು. ಹೊರಗೆ ಹಾಲಿನ ಬಿಳುಪು, ಒಳಗೆ ಗುಲಾಬಿ. ಗಾಳಿ ಆ ದಾರಿಯಾಗಿ ಹೋಗುವಾಗಲೆಲ್ಲ ಬಾಗಿಲಲ್ಲಿ ನಿಂತು "ಭೋಂ" ಎಂದು ಹಾಡುತ್ತಿತ್ತು.

"ಇಂಥ ಮನೆ ಈ ಕಡಲಲ್ಲೇ ಇಲ್ಲ ಮಾರಾಯ್ತಿ," ಎನ್ನುತ್ತಿತ್ತು ಗಾಳಿ.

ಜಟ್ಟುವಿಗೆ ಹೊಟ್ಟೆಕಿಚ್ಚು ಶುರುವಾಯಿತು. ಎಂಥ ಹೊಟ್ಟೆಕಿಚ್ಚು ಅಂತೀರಿ! ಪಾಚಿ ತಿಂದರೆ ಪಾಚಿ ರುಚಿಸದು, ಮರಳಿನ ಗುಳಿಯಲ್ಲಿ ಮಲಗಿದರೆ ನಿದ್ದೆ ಬಾರದು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅವನಿಗೆ ತನ್ನ ಚಿಪ್ಪು ಹಾಗಾಯಿತು. ನೋಡಿದಷ್ಟೂ ಅದರ ಕೆಸರು ಬಣ್ಣ ಇನ್ನಷ್ಟು ಕೆಸರಾಗಿ ಕಂಡಿತು.

ಒಂದು ದಿನ ತಡೆಯಲಾರದೆ ಹೋಗಿ ಹೇಳಿದ, "ಶಂಖಕ್ಕ, ನಿನ್ನ ಮನೆ ಸೊಟ್ಟ ಉಂಟು."

"ಹೌದು ತಮ್ಮ," ಎಂದಳು ಶಂಖಕ್ಕ. "ನಂಗೆ ನೆಟ್ಟಗೆ ಕಟ್ಲಿಕ್ಕೆ ಬರೂದಿಲ್ಲ. ಬಿಸಿಲಲ್ಲಿ ಯಾಕೆ ನಿಂತೆ? ಬಾ, ಬಾಗಿಲ ನೆರಳಲ್ಲಿ ಕೂತ್ಕೋ."

ಬೈದಿದ್ದರೆ ಜಟ್ಟುವಿಗೆ ಸಮಾಧಾನವಾಗುತ್ತಿತ್ತು. ಈ ಒಳ್ಳೆ ಮಾತು ಗಾಯದ ಮೇಲೆ ಉಪ್ಪು ಸವರಿದ ಹಾಗಾಯಿತು. ಅವನು ನೇರ ಕಡಲಮ್ಮನ ಹತ್ತಿರ ಓಡಿದ. ನೇರ ಎಂದರೆ ಏಡಿಯ ನೇರ, ಅಡ್ಡಡ್ಡ.

"ಅಮ್ಮಾ, ನಂಗೆ ಶಂಖಕ್ಕನ ಮನೆ ಬೇಕು."

"ಅದು ನಾನು ಕೊಟ್ಟದ್ದಲ್ಲವಲ್ಲ ಮಗ, ಅವಳೇ ಕಟ್ಟಿಕೊಂಡದ್ದು," ಎಂದಳು ಕಡಲಮ್ಮ. "ಅವಳ ಕಾಲ ಮುಗಿದ ಮೇಲೆ ಮನೆ ಖಾಲಿಯಾಗ್ತದೆ. ಅಲ್ಲಿವರೆಗೆ ಅದರ ಸುದ್ದಿಗೆ ಹೋಗಬೇಡ."

ಅಷ್ಟು ಸಾಕಾಯಿತು. ಮರುದಿನದಿಂದ ಜಟ್ಟು ಬೆಳಗಾದರೆ ಶಂಖಕ್ಕನ ಬಾಗಿಲಲ್ಲಿ ಹಾಜರು.

"ಅಕ್ಕ, ಆರೋಗ್ಯ ಹೇಗುಂಟು?"

"ಚೆನ್ನಾಗುಂಟು ತಮ್ಮ."

"ಓಹ್, ಚೆನ್ನಾಗುಂಟಾ," ಎಂದು ಜಟ್ಟು ಮುಖ ಇಳಿಬಿಟ್ಟುಕೊಂಡು ಬರುತ್ತಿದ್ದ.

ಮಳೆ ಬರಲಿ, ಬಿಸಿಲಿರಲಿ, ಇದು ತಪ್ಪಲಿಲ್ಲ. ಪಾಪ, ಶಂಖಕ್ಕನಿಗೆ ಏನು ಗೊತ್ತು? "ಜಟ್ಟುವಿಗೆ ನನ್ನ ಮೇಲೆ ಎಷ್ಟು ಅಕ್ಕರೆ!" ಎಂದು ಗಾಳಿಯ ಹತ್ತಿರ ಹೇಳಿಕೊಂಡು ಹಿಗ್ಗುತ್ತಿದ್ದಳು.

ಹೀಗೇ ಕಾಲ ಕಳೆಯಿತು. ಶಂಖಕ್ಕ ಮುದುಕಿಯಾದಳು. ಒಂದು ಬೆಳಿಗ್ಗೆ ಜಟ್ಟು ಹೋದಾಗ ಅವಳ ದನಿ ತೀರಾ ಸಣ್ಣಗಾಗಿತ್ತು.

"ತಮ್ಮ, ದಿನಾ ಬಂದು ವಿಚಾರಿಸಿದವ ನೀನೊಬ್ಬನೇ. ಈ ಮನೆ ನಿಂಗೇ ಇರಲಿ. ಒಂದೇ ಮಾತು. ಇದು ನಿಂಗೆ ಸಾಲದಾದ ದಿನ ಬಾಗಿಲು ತೆರೆದಿಟ್ಟು ಹೋಗು. ಯಾರಾದರೂ ಇರ್ತಾರೆ. ಮನೆ ಖಾಲಿ ಇರಬಾರದು."

ಹಾಗೆಂದು ಶಂಖಕ್ಕ ಕಣ್ಣು ಮುಚ್ಚಿದಳು. ಅವಳ ಮೆತ್ತನೆ ಮೈ ನೀರಲ್ಲಿ ನೀರಾಯಿತು. ಜಟ್ಟುವಿಗೆ ಒಂದು ಕ್ಷಣ ನಾಚಿಕೆಯಾಯಿತು. ಒಂದೇ ಕ್ಷಣ. ಆಮೇಲೆ ಗುಲಾಬಿ ಬಣ್ಣ ಕಣ್ಣಿಗೆ ಬಿತ್ತು.

ಒಳಗೆ ನುಗ್ಗಲು ನೋಡಿದರೆ ಆಗಲಿಲ್ಲ. ಮನೆ ಸುರುಳಿ, ಹೊಟ್ಟೆಯ ಚಿಪ್ಪು ಸೆಟೆದ ಹಲಗೆ. ಆಗ ಜಟ್ಟು ಮಾಡಬಾರದ್ದು ಮಾಡಿದ. ಹೊಟ್ಟೆಯ ಚಿಪ್ಪನ್ನು ಕರಿಕಲ್ಲಿಗೆ ತಿಕ್ಕಿ ತಿಕ್ಕಿ ತೆಗೆದು ಎಸೆದ. ಅದು ಮತ್ತೆ ಬೆಳೆಯಿತು, ಮತ್ತೆ ತಿಕ್ಕಿದ. ಕೊನೆಗೆ ಚಿಪ್ಪಿಗೂ ಬೇಜಾರಾಗಿ ಬರುವುದನ್ನೇ ಬಿಟ್ಟಿತು. ಬರಿಯ ಹೊಟ್ಟೆ ಸುರುಳಿ ಸುತ್ತಿಕೊಂಡು ಶಂಖದೊಳಗೆ ಸರ್ರನೆ ಇಳಿಯಿತು.

ಜಟ್ಟು ಗುಲಾಬಿ ಮನೆ ಹೊತ್ತು ದಡದ ಮೇಲೆ ಠೀವಿಯಿಂದ ನಡೆದ. ಅವನನ್ನು ನೋಡಿದ ಏಡಿಗಳಿಗೆಲ್ಲ ಹೊಟ್ಟೆ ಉರಿಯಿತು. "ಅವನಿಗಾದರೆ ನಮಗೆ ಯಾಕಿಲ್ಲ?" ಎಂದು ಅವೂ ಹೊಟ್ಟೆ ತಿಕ್ಕಿಕೊಂಡು ಸಿಕ್ಕ ಸಿಕ್ಕ ಖಾಲಿ ಚಿಪ್ಪಿಗೆ ನುಗ್ಗಿದವು. ಅಣ್ಣ ಮಾಡಿದ್ದೇ ಸರಿ ಎಂದು ಚಿಟ್ಟಿಯೂ ತಿಕ್ಕಿಕೊಂಡಳು. ಆದರೆ ಅವಳ ಅಳತೆಯ ಮನೆ ಎಲ್ಲೂ ಸಿಗಲಿಲ್ಲ. ಬರಿ ಹೊಟ್ಟೆಯಲ್ಲಿ ಕಲ್ಲಿನ ಸಂದಿಯಲ್ಲಿ ಅಡಗಿ ಕೂರಬೇಕಾಯಿತು.

ಒಂದು ಸಂಗತಿ ಜಟ್ಟುವಿಗೆ ಹೊಳೆದೇ ಇರಲಿಲ್ಲ. ಮನೆ ಕಟ್ಟುವ ಶಂಖಕ್ಕ ಬೆಳೆದರೆ ಮನೆಯನ್ನೂ ಬೆಳೆಸುತ್ತಿದ್ದಳು. ಏಡಿಗೆ ಕಟ್ಟಲು ಬರುತ್ತದೆಯೇ? ಜಟ್ಟು ಬೆಳೆದ, ಮನೆ ಬೆಳೆಯಲಿಲ್ಲ. ಕಾಲು ಒಳಗೆ ಹಿಡಿಯದಾಯಿತು, ಉಸಿರು ಕಟ್ಟತೊಡಗಿತು. ಆದರೂ ಬಿಡಲಿಲ್ಲ. ಬಿಟ್ಟರೆ ಬೇರೆಯವರು ಸೇರಿಕೊಳ್ಳುತ್ತಾರಲ್ಲ!

ಆಗ ಒಂದು ದಿನ ಭರತದ ನೀರು ಇಳಿಯುವಾಗ ದೊಡ್ಡದೊಂದು ಖಾಲಿ ಶಂಖ ಮರಳಿನ ಮೇಲೆ ಉಳಿಯಿತು. ಬೂದು ಬಣ್ಣ, ಚೆಂದವೇನಲ್ಲ, ಆದರೆ ಜಟ್ಟುವಿಗೆ ಸರಿಯಾದ ಅಳತೆ. ಏಡಿಗಳೆಲ್ಲ ಓಡಿ ಬಂದವು. ಚಿಟ್ಟಿಯೂ ಸಂದಿಯಿಂದ ಹೊರಬಂದಳು. ಜಟ್ಟು ಎಲ್ಲರನ್ನೂ ತಳ್ಳಿ ಬೂದು ಮನೆಗೆ ಹಾರಿ ಕೂತ. ಆಹಾ, ಎಷ್ಟು ವಿಶಾಲ! ಆದರೆ ಗುಲಾಬಿ ಮನೆಯನ್ನು ಮುಂಗಾಲಿನ ಕೊಂಡಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಇದ್ದ.

"ಅದನ್ನು ಬಿಡು ಮಾರಾಯ, ನಂಗೆ ಸರಿಯಾಗ್ತದೆ!" ಎಂದಿತು ಅವನ ಹಿಂದೆಯೇ ನಿಂತಿದ್ದ ಏಡಿ.

"ಇದು ನನ್ನದು!"

"ನಿಂಗೆ ಎರಡು ಮನೆ ಎಂತಕ್ಕೆ?"

ಅಷ್ಟರಲ್ಲಿ ಮರಳಿನ ಮೇಲೆ ನೆರಳು ಬಿತ್ತು. ಕಡಲ ಹದ್ದು! ಎಲ್ಲರೂ ತಮ್ಮ ತಮ್ಮ ಚಿಪ್ಪಿನೊಳಗೆ ಮುದುಡಿಕೊಂಡರು. ಬಯಲಲ್ಲಿ ಉಳಿದವಳು ಚಿಟ್ಟಿ ಒಬ್ಬಳೇ. ಸಂದಿ ದೂರವಿತ್ತು.

"ಅಣ್ಣಾ!"

ಜಟ್ಟು ಚಿಪ್ಪಿನಿಂದ ಇಣುಕಿದ. ಆಗಲೇ ಗಾಳಿ ಅವನ ಕೊಂಡಿಯಲ್ಲಿದ್ದ ಗುಲಾಬಿ ಮನೆಯೊಳಗೆ ಹೊಕ್ಕು "ಭೋಂ" ಎಂದಿತು. ಅವನಿಗೆ ಶಂಖಕ್ಕನೇ ಮಾತಾಡಿದ ಹಾಗಾಯಿತು. ಬಾಗಿಲು ತೆರೆದಿಟ್ಟು ಹೋಗು ತಮ್ಮ, ಮನೆ ಖಾಲಿ ಇರಬಾರದು.

ಜಟ್ಟು ಕೊಂಡಿ ಸಡಿಲಿಸಿದ.

ಹಿಂದಿನ ಏಡಿ ಗುಲಾಬಿ ಮನೆಗೆ ಹಾರಿತು, ಅದು ಬಿಟ್ಟ ಮನೆಗೆ ಅದರ ಹಿಂದಿನದು, ಅದು ಬಿಟ್ಟದ್ದಕ್ಕೆ ಇನ್ನೂ ಚಿಕ್ಕದು. ಟಪ್, ಟಪ್, ಟಪ್! ಸಾಲಿನ ಕೊನೆಯಲ್ಲಿ ಕಡಲೆಕಾಳಿನಷ್ಟು ಪುಟ್ಟ ಒಂದು ಚಿಪ್ಪು ಖಾಲಿಯಾಯಿತು. ಚಿಟ್ಟಿ ಹೊಟ್ಟೆ ಸುತ್ತಿಕೊಂಡು ಅದರೊಳಗೆ ಜಾರಿದಳು. ಹದ್ದಿನ ಉಗುರು ಮರಳನ್ನಷ್ಟೇ ಗೀರಿತು. ಅದು ಬೈದುಕೊಂಡು ಹಾರಿಹೋಯಿತು.

ಆಮೇಲೆ ಜಟ್ಟು ಕಡಲಮ್ಮನ ಹತ್ತಿರ ಹೋಗಿ ಅತ್ತ. "ಅಮ್ಮಾ, ನಮ್ಮ ಹಳೇ ಚಿಪ್ಪು ಕೊಡು."

"ನೀವೇ ತಿಕ್ಕಿ ಎಸೆದಿರಲ್ಲ ಮಗ, ಅದು ಮರಳಾಗಿ ಹೋಯಿತು," ಎಂದಳು ಕಡಲಮ್ಮ. "ನಾನು ಖಾಲಿ ಶಂಖ ತಂದು ದಡಕ್ಕೆ ಹಾಕ್ತೇನೆ. ಕಚ್ಚಾಡದೆ ಸಾಲಾಗಿ ನಿಂತು ಹಂಚಿಕೊಳ್ಳಿ."

ಜಟ್ಟು ಒಪ್ಪಿದ. ಹೊಟ್ಟೆಕಿಚ್ಚು ಹೋಯಿತೆಂದುಕೊಂಡಿರಾ? ಎಲ್ಲಿಯ ಮಾತು! ಗುಲಾಬಿ ಮನೆ ಇನ್ನೊಬ್ಬನ ಬೆನ್ನ ಮೇಲೆ ಹೋಗುವುದನ್ನು ನೋಡಿ ಅವನ ಹೊಟ್ಟೆ ಮತ್ತೆ ಉರಿಯಿತು. ಆದರೆ ಪುಟ್ಟ ಚಿಪ್ಪಿನಿಂದ ಇಣುಕುತ್ತಿದ್ದ ಚಿಟ್ಟಿಯನ್ನು ನೋಡಿ ಸುಮ್ಮನಾದ.

ಅಂದಿನಿಂದ ಈ ಏಡಿಗಳಿಗೆ ಹೊಟ್ಟೆಯ ಮೇಲೆ ಚಿಪ್ಪಿಲ್ಲ. ಜನ ಅವನ್ನು ಸನ್ಯಾಸಿ ಏಡಿ ಎನ್ನುತ್ತಾರೆ. ಸನ್ಯಾಸಿಯಂತೆ ಸನ್ಯಾಸಿ, ಕಣ್ಣೆಲ್ಲ ಪಕ್ಕದವರ ಮನೆ ಮೇಲೆ! ಆದರೂ ದಡದಲ್ಲಿ ಒಂದು ಖಾಲಿ ಶಂಖ ಬಂದು ಬಿದ್ದರೆ, ಅವು ದೊಡ್ಡದರಿಂದ ಚಿಕ್ಕದರವರೆಗೆ ಒಂದರ ಹಿಂದೆ ಒಂದು ಸಾಲು ನಿಲ್ಲುತ್ತವೆ. ಮುಂದಿನದು ಬಿಟ್ಟ ಮನೆಗೆ ಹಿಂದಿನದು ಸೇರಿಕೊಳ್ಳುತ್ತದೆ.

ಅದಕ್ಕೇ ಮಗೂ, ದಡದಲ್ಲಿ ಚೆಂದದ ಶಂಖ ಸಿಕ್ಕರೆ ಕಿವಿಗೆ ಹಿಡಿದು ಗಾಳಿಯ ಹಾಡು ಕೇಳು, ಆಮೇಲೆ ಅಲ್ಲೇ ಇಟ್ಟು ಬಾ. ಬಾಟಲಿಯ ಮುಚ್ಚಳ ಹೊತ್ತು ನಡೆಯುವ ಪುಟ್ಟ ಏಡಿಯೊಂದು ಎಂದಾದರೂ ಕಂಡರೆ ನಗಬೇಡ, ಅದು ಸಾಲಿನ ಕೊನೆಯಲ್ಲಿ ನಿಂತು ಕಾದ ಚಿಟ್ಟಿ, ಅವಳಿಗೆ ಬರಬೇಕಿದ್ದ ಮನೆಯನ್ನು ಯಾರೋ ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ.