ಗಾಡಿ ಕೇಳಿದ ಎಣ್ಣೆ

“ಬುದ್ಧಿ, ಒಳ್ಳೆಯ ಮಾತು ಹೇಳಿದರೂ ಮನುಷ್ಯ ಯಾಕೆ ಬಿಗಿದುಕೊಳ್ಳುತ್ತಾನೆ?” ಎಂದು ರೇಣುಕಯ್ಯ ಮೇಷ್ಟ್ರು ಕೇಳಿದರು.

ಮಠದ ಜಗಲಿಯ ಮೇಲೆ ಗುರುಗಳೊಬ್ಬರೇ ಕೂತಿದ್ದರು. ಮೇಷ್ಟ್ರು ತಮ್ಮ ಸಂಕಟ ತೋಡಿಕೊಂಡರು. ಅವರ ತಮ್ಮನ ಹೆಂಡತಿ ತೀರಿಕೊಂಡಿದ್ದಳು. ಅಂದಿನಿಂದ ಮೇಷ್ಟ್ರು ದಿನಾ ಸಂಜೆ ತಮ್ಮನ ಮನೆಗೆ ಹೋಗಿ, ದೇಹ ಶಾಶ್ವತವಲ್ಲ, ಅತ್ತು ಫಲವಿಲ್ಲ ಎಂದು ತಿಳಿಹೇಳುತ್ತಿದ್ದರು. ತಮ್ಮ ಮೊದಮೊದಲು ತಲೆ ತಗ್ಗಿಸಿ ಕೇಳಿದ. ಆಮೇಲೆ ಗೋಡೆ ನೋಡತೊಡಗಿದ. ನಿನ್ನೆ ಅಣ್ಣ ಬರುವುದನ್ನು ಕಿಟಕಿಯಲ್ಲಿ ಕಂಡು ಬಾಗಿಲು ಹಾಕಿ ಚಿಲಕ ಸಿಕ್ಕಿಸಿಕೊಂಡ.

“ನನಗಿರುವವನು ಒಬ್ಬನೇ ತಮ್ಮ. ಕೈತಪ್ಪಿ ಹೋಗುತ್ತಾನೇನೋ ಎಂದು ಭಯವಾಗಿದೆ ಬುದ್ಧಿ. ನಾನು ಹೇಳಿದ್ದರಲ್ಲಿ ಒಂದಾದರೂ ಕೆಟ್ಟ ಮಾತಿತ್ತೇ?”

“ಇಲ್ಲ ಮೇಷ್ಟ್ರೇ, ಎಲ್ಲವೂ ಅಪ್ಪಟ,” ಎಂದು ಗುರುಗಳು ಕತೆ ಶುರು ಮಾಡಿದರು.

ಒಬ್ಬ ಎಣ್ಣೆ ವ್ಯಾಪಾರಿಯಿದ್ದ. ಗಾಣ ಅವನದೇ, ಅಂಗಡಿಯೂ ಅವನದೇ. ಬೆರಕೆ ಎಂಬ ಮಾತು ಬಿದ್ದರೆ ಕಿವಿ ಮುಚ್ಚಿಕೊಳ್ಳುವ ಆಸಾಮಿ. ಅವನ ಹತ್ತಿರ ಒಂದು ಹಳೆಯ ಪಿಕಪ್ ಗಾಡಿಯಿತ್ತು. ಬೆಳಿಗ್ಗೆ ಎದ್ದು ತಾನು ಮುಖ ತೊಳೆಯುವ ಮೊದಲು ಅದರ ಗಾಜು ಒರೆಸುತ್ತಿದ್ದ. ಈ ಬಗ್ಗೆ ಅವನ ಹೆಂಡತಿಗೆ ಒಂದೆರಡು ಮಾತು ಆಡುವುದಿತ್ತು, ಆಡಿಯೂ ಇದ್ದಳು.

ಒಂದು ದಿನ ಗಾಡಿಯ ಸ್ಟೀರಿಂಗ್ ಭಾರವಾಯಿತು. ನೇರ ದಾರಿಯಲ್ಲಿ ಹೇಗೋ ನಡೆಯುತ್ತಿತ್ತು. ತಿರುವು ಬಂದರೆ ಸಾಕು, ಬಾನೆಟ್ಟಿನೊಳಗಿಂದ ಗಾಡಿ ಮುಲುಗುತ್ತಿತ್ತು. ವ್ಯಾಪಾರಿ ಮೊದಲು ತನ್ನ ರಟ್ಟೆಯ ಮೇಲೇ ಅನುಮಾನಪಟ್ಟ. ವಯಸ್ಸಾಯಿತೇನೋ ಎಂದು ಊಟಕ್ಕೆ ಒಂದು ಮುದ್ದೆ ಹೆಚ್ಚು ಹಾಕಿಸಿಕೊಂಡ. ಹೊಟ್ಟೆ ಸ್ಟೀರಿಂಗಿಗೆ ತಾಗತೊಡಗಿತೇ ಹೊರತು ಭಾರ ಇಳಿಯಲಿಲ್ಲ. ಚಕ್ರಗಳಿಗೆ ಗಾಳಿ ಹೊಡೆಸಿದ. ಲೋಡು ಕಡಿಮೆ ಮಾಡಿ ನೋಡಿದ. ಮುಲುಗಾಟ ನಿಲ್ಲಲಿಲ್ಲ. ಕಡೆಗೆ ಟೀ ಅಂಗಡಿಯಲ್ಲಿ ಸಿಕ್ಕ ಒಬ್ಬ ಲಾರಿ ಡ್ರೈವರು, “ಪವರ್ ಸ್ಟೀರಿಂಗಿಗೆ ಎಣ್ಣೆ ಕಡಿಮೆಯಾಗಿದೆ ಸಾವ್ಕಾರ್ರೆ. ಬಾನೆಟ್ಟಿನೊಳಗೆ ಒಂದು ಸಣ್ಣ ಡಬ್ಬಿ ಇರುತ್ತೆ, ಅದಕ್ಕೆ ಹಾಕಿ” ಎಂದ.

ವ್ಯಾಪಾರಿಗೆ ನಗು ಬಂತು. ಎಣ್ಣೆಯಲ್ಲೇ ಹುಟ್ಟಿ ಎಣ್ಣೆಯಲ್ಲೇ ಬೆಳೆದವನಿಗೆ ಎಣ್ಣೆ ಹಾಕೆಂದು ಇವನು ಹೇಳಿಕೊಡುವುದೇ? ಯಾವ ಎಣ್ಣೆ ಎಂದು ಕೇಳುವುದಂತೂ ಮಾನ ಹೋಗುವ ಮಾತು. ಮನೆಗೆ ಬಂದವನೇ ಬಾನೆಟ್ ಎತ್ತಿದ. ಜಿಡ್ಡು ಕಟ್ಟಿ ಕಪ್ಪಾಗಿದ್ದ ಮುಚ್ಚಳ ತಿರುವಿದ. ಹಸುಗೂಸುಗಳ ತಲೆಗೆಂದು ಎತ್ತಿಟ್ಟಿದ್ದ ಕೊಬ್ಬರಿ ಎಣ್ಣೆ ತಂದು ಸುರಿದ. ಅದನ್ನು ಅವನು ದುಡ್ಡು ಕೊಟ್ಟರೂ ಎಲ್ಲರಿಗೂ ಮಾರುತ್ತಿರಲಿಲ್ಲ. ಗಾಡಿಯ ಮೇಲೆ ಅಷ್ಟು ಪ್ರೀತಿ.

ಅಂದು ಮಧ್ಯಾಹ್ನ ಸ್ಟೀರಿಂಗ್ ಸಲೀಸಾಗಿ ತಿರುಗಿತು. ವ್ಯಾಪಾರಿ ಕಂಡಕಂಡವರನ್ನೆಲ್ಲ ಹತ್ತಿಸಿಕೊಂಡು ಊರು ಸುತ್ತಿದ. ಆದರೆ ಅದು ಮಾಗಿಯ ಕಾಲ. ಮಾರನೆಯ ಬೆಳಿಗ್ಗೆ ಕೊಬ್ಬರಿ ಎಣ್ಣೆ ಊರವರ ಸೀಸೆಗಳಲ್ಲಿ ಹೆಪ್ಪುಗಟ್ಟಿದ ಹಾಗೆ ಗಾಡಿಯ ಹೊಟ್ಟೆಯಲ್ಲೂ ಹೆಪ್ಪುಗಟ್ಟಿತು. ಸ್ಟೀರಿಂಗ್ ಜಪ್ಪಯ್ಯ ಎನ್ನಲಿಲ್ಲ. ಬಿಸಿಲೇರಿದ ಮೇಲೆ ಸಡಿಲಾಯಿತು. ಪಾಪ, ಗಾಡಿಗೆ ಚಳಿ ಎಂದು ವ್ಯಾಪಾರಿ ಅದಕ್ಕೊಂದು ಕಂಬಳಿ ಹೊದಿಸಿದ. ಎಳ್ಳೆಣ್ಣೆ ಮೈಗೆ ಶಾಖ ಎಂದು ಅದನ್ನೂ ಸುರಿದ. ಕೀಲು ಹಿಡಿದಿರಬೇಕೆಂದು ಹರಳೆಣ್ಣೆಯನ್ನೂ ಸುರಿದ. ಸುರಿದದ್ದೆಲ್ಲ ಕೆಳಗೆ ಎಲ್ಲೋ ತೊಟ್ಟಿಕ್ಕಿ ಡಬ್ಬಿ ಬರಿದಾಗುತ್ತಿತ್ತು. ಇವನು ಬಗ್ಗಿ ನೋಡಿದವನಲ್ಲ. ರುಚಿ ಹತ್ತಿದೆ, ಕುಡಿಯುತ್ತಿದೆ ಎಂದು ಹಿಗ್ಗಿದ. ಊರ ನಾಯಿಗಳು ಮೂಗೆತ್ತಿಕೊಂಡು ಗಾಡಿಯ ಹಿಂದೆ ನಡೆಯತೊಡಗಿದವು.

ಆ ಹೊತ್ತಿಗೆ ಒಂದು ಮದುವೆ ಮನೆಯವರು ಎಣ್ಣೆಗೆ ಹೇಳಿದ್ದರು. ಬೆಳಗಿನ ತಿಂಡಿಗೆ ಒಲೆ ಹಚ್ಚುವುದರೊಳಗೆ ಡಬ್ಬಗಳು ತಲುಪಬೇಕಿತ್ತು. ವ್ಯಾಪಾರಿ ಮಂಜಿನಲ್ಲೇ ಹೊರಟ. ಪೇಟೆಯ ತಿರುವಿನಲ್ಲಿ ಎರಡೂ ಕೈಯಿಂದ ಸ್ಟೀರಿಂಗ್ ಜಗ್ಗಿದ. ಸೀಟಿನಿಂದ ಅರ್ಧ ಎದ್ದು ಜಗ್ಗಿದ. ತಿರುಗು ನನ್ನಪ್ಪ ಎಂದು ಅಂಗಲಾಚಿದ. ಬ್ರೇಕು ಒತ್ತುವ ನೆನಪಾಗುವಷ್ಟರಲ್ಲಿ ಗಾಡಿ ಮೆಲ್ಲಗೆ ನೆಟ್ಟಗೆ ಹೋಗಿ, ಎದುರಿಗಿದ್ದ ಇನ್ನೊಂದು ಎಣ್ಣೆ ಅಂಗಡಿಯ ಕಟ್ಟೆಗೆ ಮೂಗು ಊರಿ ನಿಂತಿತು. ಆ ಅಂಗಡಿಯವನಿಗೂ ಇವನಿಗೂ ಬಹಳ ಕಾಲದಿಂದ ಮಾತಿರಲಿಲ್ಲ. ಅವನು ಬಾಗಿಲು ಅರ್ಧ ತೆರೆದು ಗಾಡಿಯನ್ನು ನೋಡಿದ. ಇವನನ್ನೂ ನೋಡಿದ. “ಎಷ್ಟು ಲೀಟರ್ ಬೇಕಿತ್ತು?” ಎಂದು ಕೇಳಿದ.

ಡಬ್ಬಗಳನ್ನು ಇಳಿಸಿ ಬೇರೆ ಗಾಡಿ ಹುಡುಕುವಷ್ಟು ಹೊತ್ತಿರಲಿಲ್ಲ. ಅಂದು ಮದುವೆ ಮನೆಗೆ ಆ ಅಂಗಡಿಯಿಂದಲೇ ಎಣ್ಣೆ ಹೋಯಿತು.

ನಾಲ್ಕು ಜನ ತಳ್ಳಿ ಗಾಡಿಯನ್ನು ಮನೆಗೆ ತಂದರು. ವ್ಯಾಪಾರಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನಿಗೆ ಅಳು ಬರುತ್ತಿತ್ತು. ನಿನಗೆ ಏನು ಕಡಿಮೆ ಮಾಡಿದೆ ಎಂದು ಗಾಡಿಯನ್ನು ಕೇಳಿದ. ಅಂಗಳದಲ್ಲಿ ಚೆಲ್ಲಿದ ಎಣ್ಣೆಗೆ ಇರುವೆ ಮುತ್ತಿ, ಅವು ಅಡುಗೆಮನೆಯವರೆಗೂ ಬಂದಿದ್ದವು. ಹೆಂಡತಿ ಸೀಗೆಪುಡಿಯ ಬಟ್ಟಲು ತಂದು ಅವನ ಮುಂದೆ ಕುಕ್ಕಿದಳು. ಎಣ್ಣೆ ಹಚ್ಚಿದವರು ನೀವು, ಸ್ನಾನವನ್ನೂ ನೀವೇ ಮಾಡಿಸಿ ಎಂದು ಒಳಗೆ ಹೋದಳು.

ವ್ಯಾಪಾರಿ ತೆಪ್ಪಗೆ ಬಾನೆಟ್ ಎತ್ತಿ ಉಜ್ಜಿದ. ಮುಚ್ಚಳದ ಮೇಲಿನ ಜಿಡ್ಡು ಬಿಟ್ಟಿತು. ಅಡಿಯಲ್ಲಿ ಅಕ್ಷರಗಳಿದ್ದವು. ಈ ಡಬ್ಬಿಗೆ ಯಾವ ಎಣ್ಣೆ ಹಾಕಬೇಕೆಂದು ಗಾಡಿ ಮಾಡಿದವರು ಅಲ್ಲೇ ಅಚ್ಚೊತ್ತಿಟ್ಟಿದ್ದರು. ದಿನಾ ಅದನ್ನು ತಿರುವಿ ತಿರುವಿ ತೆಗೆದದ್ದು ಇವನದೇ ಕೈ. ಕೈಯಲ್ಲಿ ಸೀಗೆಯ ನೊರೆ ಒಣಗುವವರೆಗೂ ಅವನು ಅದನ್ನೇ ನೋಡುತ್ತ ನಿಂತ.

ಸಂಜೆ ಬಿಡಿಭಾಗಗಳ ಅಂಗಡಿಗೆ ಹೋಗಿ ಎಲ್ಲರ ಹಿಂದೆ ನಿಂತ. ಜೀವಮಾನದಲ್ಲಿ ಒಮ್ಮೆಯೂ ಎಣ್ಣೆ ಕೊಂಡವನಲ್ಲ, ಕೇಳುವಾಗ ದನಿಯೇ ಏಳಲಿಲ್ಲ. ಅಂಗಡಿಯವನು ಕೆಂಪು ಎಣ್ಣೆಯ ಡಬ್ಬ ಕೊಟ್ಟ. ಅಭ್ಯಾಸಬಲ ನೋಡಿ, ಅಂಗೈಗೆ ಒಂದು ಹನಿ ಬಿಟ್ಟುಕೊಂಡು ತಿಕ್ಕಿ ಮೂಸಿದ. ಮೂಗು ಮುರಿದ. ಆದರೂ ಕೊಂಡ. ಮೆಕ್ಯಾನಿಕ್ಕು ಒಳಗಿದ್ದ ಪಾಯಸವನ್ನೆಲ್ಲ ಹೊರಗೆ ಇಳಿಸಿ ತೊಳೆದ. ಸೋರುತ್ತಿದ್ದ ರಬ್ಬರ್ ಪೈಪು ಬದಲಿಸಿ, ಗುರುತಿನವರೆಗೆ ಕೆಂಪೆಣ್ಣೆ ತುಂಬಿದ. ಮಾರನೆಯ ಬೆಳಿಗ್ಗೆ ಅದೇ ಚಳಿಯಲ್ಲಿ ಸ್ಟೀರಿಂಗ್ ಒಂದು ಬೆರಳಿಗೆ ತಿರುಗಿತು.

ಮೇಷ್ಟ್ರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ ನಗು ಹಾಗೇ ಇಳಿಯಿತು.

“ಹಾಗಾದರೆ ಇವತ್ತು ಹೋಗಿ ತಮ್ಮನಿಗೆ ಯಾವ ಮಾತು ಹೇಳಲಿ ಬುದ್ಧಿ?”

ಗುರುಗಳು ಕೇಳಿದರು: “ಅವನ ಮನೆಯಲ್ಲಿ ಈಗ ಅಡುಗೆ ಯಾರು ಮಾಡುತ್ತಾರೆ ಮೇಷ್ಟ್ರೇ?”

ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ.