ಐದು ಪಾಯಿಂಟ್ ಎರಡು

"ಬುದ್ಧಿ, ಇನ್ನೇನು ಬದಲಾಯಿಸಲಿ?" ಎಂದು ಗುರುಶಾಂತ ಕೇಳಿದ.

ಅವನು ಮಠ ಸೇರಿ ಎರಡು ವರ್ಷವಾಗಿತ್ತು. ದಿನಕ್ಕೆ ಐದು ಸಾವಿರ ಜಪ ಮಾಡುತ್ತಿದ್ದವನು ಕಾರ್ತಿಕದಿಂದ ಇಪ್ಪತ್ತು ಸಾವಿರಕ್ಕೆ ಏರಿಸಿದ್ದ. ನಿದ್ದೆ ಮೂರು ಗಂಟೆಗೆ ಇಳಿದಿತ್ತು. ಹಿಂದಿನ ದಿನ ದಾಸೋಹದ ಪಂಕ್ತಿಯಲ್ಲಿ ಎರಡನೇ ಸಲ ಸಾರು ಕೇಳಿದ ಒಬ್ಬ ಮುದುಕನ ಮೇಲೆ ಎಗರಾಡಿಬಿಟ್ಟಿದ್ದ. ಮುದುಕ ಅರ್ಧ ಊಟ ಬಿಟ್ಟು ಎದ್ದುಹೋದ. ಆ ಎಲೆ ಎತ್ತುವಾಗ ಗುರುಶಾಂತನಿಗೆ ಅಳು ಬಂದಿತ್ತು.

"ಮಣೆ ಬದಲಾಯಿಸಿದೆ. ಜಪಸರ ಬದಲಾಯಿಸಿದೆ. ಕೋಣೆ ಬದಲಾಯಿಸಿದೆ. ಖಾರ ಬಿಟ್ಟೆ. ಆದರೂ ಈ ಸಿಟ್ಟು ಎಲ್ಲಿಂದ ಬರುತ್ತದೋ ತಿಳಿಯುತ್ತಿಲ್ಲ. ಆ ಮುದುಕ ಇವತ್ತು ಊಟಕ್ಕೆ ಬರಲೇ ಇಲ್ಲ ಬುದ್ಧಿ."

ಸ್ವಾಮಿಗಳು ಕಾವಿ ಉಡುವ ಮೊದಲು ಪೇಟೆಯಲ್ಲಿ ಹನ್ನೆರಡು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವರು. "ಕೂತುಕೋ. ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮದುವೆ ವಿಡಿಯೋದವನಿದ್ದ. ಅವನ ಹತ್ತಿರ ಒಂದು ಒಳ್ಳೆಯ ಕಂಪ್ಯೂಟರ್ ಇತ್ತು. ಅದರ ಮಿದುಳಾದ ಪ್ರೊಸೆಸರಿಗೆ ಕಂಪನಿಯವರು ನಾಲ್ಕು ಪಾಯಿಂಟ್ ನಾಲ್ಕು ಗಿಗಾಹರ್ಟ್ಸ್ ಎಂದು ವೇಗ ಗೊತ್ತುಮಾಡಿದ್ದರು. ಸೆಟ್ಟಿಂಗ್ ತಿರುವಿದರೆ ಅದನ್ನು ಏರಿಸಬಹುದು. ಕೆಲಸ ಬೇಗ ಆಗುತ್ತದೆ, ಬಿಸಿಯೂ ಏರುತ್ತದೆ. ಇವನು ಏರಿಸಿ ಏರಿಸಿ ಐದು ಪಾಯಿಂಟ್ ಎರಡಕ್ಕೆ ನಿಲ್ಲಿಸಿದ. ಸುಮ್ಮನಿದ್ದನೇ ಪುಣ್ಯಾತ್ಮ? ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ. ಫೋಟೋಗ್ರಾಫರ್ ಸಂಘದ ಸಭೆಯಲ್ಲಿ ಮೈಕು ಹಿಡಿದು ಹೇಳಿದ. ಅಂದಿನಿಂದ ಪೇಟೆಯವರೆಲ್ಲ ಅವನನ್ನು "ಐದು ಪಾಯಿಂಟ್ ಎರಡಣ್ಣ" ಎಂದೇ ಕರೆಯತೊಡಗಿದರು. ಅವನಿಗೆ ಅದು ಬಹಳ ಹಿಡಿಸಿತು.

ಆ ಊರಿನ ಮದುವೆಗಳಿಗೆಲ್ಲ ವಾಲಗ ನುಡಿಸುತ್ತಿದ್ದ ಒಬ್ಬ ಮುದುಕ ತೀರಿಕೊಂಡ. ಅವನ ಹೆಂಡತಿ ವಿಡಿಯೋದವನ ಅಂಗಡಿಗೆ ಬಂದಳು. "ಅವರು ಕೋಳಿ ಕೂಗೋ ಹೊತ್ತಿಗೆ ಮದುವೆಮನೆಗೆ ಹೋಗೋರು, ನಾನು ಮನೆ ನೋಡಿಕೊಂಡಿರ್ತಿದ್ದೆ. ಅವರು ನುಡಿಸೋದನ್ನ ಒಂದು ದಿನವೂ ಕೂತು ನೋಡಿಲ್ಲಪ್ಪ. ನಿನ್ನ ಹತ್ತಿರ ಇರೋದನ್ನೆಲ್ಲ ಒಟ್ಟು ಸೇರಿಸಿಕೊಡು. ಹನ್ನೊಂದನೇ ದಿನದ ಕಾರ್ಯಕ್ಕೆ ನೆಂಟರಿಷ್ಟರೆಲ್ಲ ಬರ್ತಾರೆ, ಅವರ ಮುಂದೆ ಕೂತು ನೋಡ್ತೀನಿ" ಎಂದಳು. ವಿಡಿಯೋದವನು ಮನಸ್ಸಿಟ್ಟು ಇಪ್ಪತ್ತು ವರ್ಷದ ಮದುವೆಗಳನ್ನು ತಡಕಾಡಿ ಮುದುಕನ ವಾಲಗವನ್ನೆಲ್ಲ ಆರಿಸಿದ, ಸಾಲಾಗಿ ಜೋಡಿಸಿದ. ಇನ್ನು ಅದೆಲ್ಲವನ್ನೂ ಒಂದೇ ವಿಡಿಯೋ ಮಾಡುವುದೊಂದೇ ಬಾಕಿ. ಅದು ಕಂಪ್ಯೂಟರಿನ ಕೆಲಸ, ಮೂರು ಗಂಟೆಯದು.

ಎರಡು ಗಂಟೆ ನಡೆದು ಯಂತ್ರ ನಿಂತುಹೋಯಿತು. ಮತ್ತೆ ಹಚ್ಚಿದ. ಈ ಸಲ ಅರ್ಧ ಗಂಟೆಗೇ ನೀಲಿ ಪರದೆ ಬಂದು ಕೆಲಸ ಕೈಕೊಟ್ಟಿತು. ಮೂರನೇ ಸಲ ಇನ್ನೇನು ಮುಗಿಯಿತು ಎನ್ನುವಾಗ ತಾನೇ ಆಫ್ ಆಗಿ ತಾನೇ ಆನ್ ಆಯಿತು. ಅವನು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದ. ರ‍್ಯಾಮ್ ಬದಲಾಯಿಸಿದ. ಪವರ್ ಸಪ್ಲೈ ಬದಲಾಯಿಸಿದ. ದೊಡ್ಡ ಫ್ಯಾನ್ ತಂದು ಕೂರಿಸಿದ. ಒಂದೊಂದು ಬದಲಾಯಿಸಿದಾಗಲೂ ಹತ್ತು ನಿಮಿಷ ಓಡಿಸಿ ನೋಡುತ್ತಿದ್ದ. ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತಿತ್ತು. "ಸಿಕ್ಕಿಬಿದ್ದ ಕಳ್ಳ!" ಎನ್ನುತ್ತಿದ್ದ. ಮೂರು ಗಂಟೆಯ ಕೆಲಸ ಕೊಟ್ಟರೆ ಅದೇ ಹಣೆಬರಹ.

ಒಂಬತ್ತನೇ ದಿನ ರಿಪೇರಿಯವನನ್ನು ಕರೆಸಿದ.

"ಯಾವಾಗಿಂದ ಹೀಗೆ?" ಎಂದು ರಿಪೇರಿಯವನು ಕೇಳಿದ.

"ಸ್ಪೀಡು ಏರಿಸಿದ ಮೇಲೆ."

"ಹಾಗಾದರೆ ಇಳಿಸಪ್ಪ."

"ಅದೊಂದು ಬಿಟ್ಟು ಬೇರೆ ಏನಾದರೂ ಹೇಳಿ."

ರಿಪೇರಿಯವನು ಚೀಲ ಎತ್ತಿಕೊಂಡು ಹೋದ. ವಿಡಿಯೋದವನು ಆ ವೇಗಕ್ಕೆ ಶಕ್ತಿ ಸಾಲುತ್ತಿಲ್ಲವೆಂದು ಪ್ರೊಸೆಸರಿಗೆ ವೋಲ್ಟೇಜ್ ಇನ್ನಷ್ಟು ಏರಿಸಿದ. ಮಾರನೆಯ ದಿನಕ್ಕೆ ಕಂಪ್ಯೂಟರ್ ಆನ್ ಆಗುವುದೇ ನಿಂತಿತು. ಹನ್ನೊಂದನೇ ದಿನ ಶಾಮಿಯಾನದಲ್ಲಿ ಬಿಳಿ ಪರದೆ ಕಟ್ಟಿದ್ದರು. ನೆಂಟರು ಉಂಡು, ಎಲೆಯಡಿಕೆ ಹಾಕಿಕೊಂಡು, ಸಂಜೆಯವರೆಗೆ ಕಾದು ಹೋದರು. ಮುದುಕಿ ಪರದೆಯ ಮುಂದಿನ ಕುರ್ಚಿ ಬಿಟ್ಟು ಏಳಲಿಲ್ಲ. ವಿಡಿಯೋದವನು ಅತ್ತ ಮುಖ ಹಾಕಲಿಲ್ಲ.

ಮರುದಿನ ಅವನೇ ಕಂಪ್ಯೂಟರ್ ಹೊತ್ತುಕೊಂಡು ರಿಪೇರಿಯವನ ಅಂಗಡಿಗೆ ಹೋದ. ರಿಪೇರಿಯವನು ಬೋರ್ಡಿನಲ್ಲಿದ್ದ ಚಿಕ್ಕ ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಾಕಿದ. ಸೆಟ್ಟಿಂಗೆಲ್ಲ ಮೊದಲಿನಂತಾಯಿತು. ನಾಲ್ಕು ಪಾಯಿಂಟ್ ನಾಲ್ಕು. ಯಂತ್ರ ಆನ್ ಆಯಿತು. ವಿಡಿಯೋ ಒಂದೇ ಸಲಕ್ಕೆ ಮುಗಿಯಿತು. ಮೂರು ಗಂಟೆ ಮೂವತ್ತೈದು ನಿಮಿಷ ಹಿಡಿಯಿತು.

ಅವನು ಅದನ್ನು ಮುದುಕಿಯ ಮನೆಗೆ ಒಯ್ದು ಟಿವಿಯಲ್ಲಿ ಹಾಕಿದ. ಶಾಮಿಯಾನ ಬಿಚ್ಚಿದ್ದರು. ಮನೆಯಲ್ಲಿ ಅವಳೊಬ್ಬಳೇ. ಕೊನೆಯವರೆಗೂ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇಷ್ಟು ಚೆನ್ನಾಗಿ ನುಡಿಸ್ತಿದ್ರಾ ನಮ್ಮೋರು? ಮೊನ್ನೆ ಬಂದಿದ್ದೋರೆಲ್ಲ ನೋಡಬೇಕಿತ್ತಪ್ಪ" ಎಂದಳು.

ಸ್ವಾಮಿಗಳು ಕತೆ ನಿಲ್ಲಿಸಿದರು.

ಗುರುಶಾಂತನಿಗೆ ಮೈ ಉರಿದುಹೋಯಿತು. "ಛೆ! ಬರೀ ಮೂವತ್ತೈದು ನಿಮಿಷಕ್ಕೆ? ಮೊದಲೇ ಇಳಿಸಲು ಆ ಮಹಾನುಭಾವನಿಗೆ ಏನಾಗಿತ್ತು ಬುದ್ಧಿ?"

ಸ್ವಾಮಿಗಳು ಅವನ ಕೈಯಲ್ಲಿದ್ದ ಹೊಸ ಜಪಸರವನ್ನೊಮ್ಮೆ ನೋಡಿದರು.

"ನಿನ್ನ ಇಪ್ಪತ್ತು ಸಾವಿರವನ್ನು ಯಾರ್ಯಾರಿಗೆ ಹೇಳಿಕೊಂಡು ಬಂದಿದ್ದೀಯ, ಗುರುಶಾಂತ?"