ಬಾಯಿ ಕಟ್ಟಿದ ಕಪ್ಲಿಂಗ್

ಮಠದಲ್ಲಿ ಗಂಭೀರ ಘಟನೆಯೊಂದು ನಡೆದಿತ್ತು. ಸತತ ನಾಲ್ಕನೆಯ ದಿನವೂ ಮಜ್ಜಿಗೆ ಉಪ್ಪಾಗಿತ್ತು. ಹರಳುಪ್ಪಿನ ಬದಲು ಪುಡಿಯುಪ್ಪು ಬಂದಿತ್ತು. ಹಾಕುವ ಹಿಡಿ ಮಾತ್ರ ಹಳೆಯದೇ. ಪಂಕ್ತಿಯಲ್ಲಿ ಗೊಣಗಾಟ ಎದ್ದಿತು. ಅಡುಗೆಯ ಹೊಣೆ ಹೊತ್ತಿದ್ದ ಶಿಷ್ಯ ಅಡವಯ್ಯ ಬಹಳ ಯೋಚಿಸಿ ಗುರುಗಳ ಬಳಿಗೆ ಹೋದ.

"ಗುರುಗಳೇ, ಊಟದ ಹೊತ್ತಿಗೆ ಎಲ್ಲರೂ ಮೌನವ್ರತ ಹಿಡಿಯಬೇಕೆಂದು ಅಪ್ಪಣೆ ಮಾಡಬಾರದೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜೇನು ಸಾಕುವವನಿದ್ದ. ಹೂವು ಬಿಟ್ಟ ಕಡೆಗೆ ಜೇನುಪೆಟ್ಟಿಗೆಗಳನ್ನು ಟ್ರೇಲರಿನಲ್ಲಿ ಒಯ್ಯುತ್ತಿದ್ದ. ಜೀಪಿನಲ್ಲಿ ಪಕ್ಕಕ್ಕೆ ಹೆಂಡತಿ. ಜೀಪು ನಿಧಾನಿಸಿದಾಗಲೆಲ್ಲ ಟ್ರೇಲರನ್ನು ಜೀಪಿಗೆ ಸೇರಿಸುವ ಕಪ್ಲಿಂಗ್ ಧಡ್ ಎನ್ನುತ್ತಿತ್ತು. ಇಳಿದು ನೋಡಿದರೆ ಅದರ ಕೊಳವೆ ನಾಲ್ಕು ಬೆರಳಿನಷ್ಟು ಹಿಂದೆ ಮುಂದೆ ಜಾರುತ್ತಿತ್ತು. ಸಡಿಲವಾಗಿದೆ ಎಂದುಕೊಂಡು ಕಬ್ಬಿಣದ ಬೆಣೆ ಬಡಿದ. ಸದ್ದು ನಿಂತಿತು.

ಘಾಟಿ ಇಳಿಯುವ ಮೊದಲು ಚಹಾ ಕುಡಿಯಲು ನಿಂತಾಗ ಪಕ್ಕದ ಗ್ಯಾರೇಜಿನ ಮುದುಕ ಆ ಬೆಣೆಯನ್ನು ನೋಡಿದ.

"ಇದೇನ್ರೀ ಯಜಮಾನ್ರೇ, ಇದರ ಬಾಯಿ ಕಟ್ಟಿದ್ದೀರಿ?"

"ತುಂಬಾ ಮಾತಾಡ್ತಿತ್ತು, ಮೇಸ್ತ್ರಿ."

"ಹಾಗಾದ್ರೆ ಅಮ್ಮಾವ್ರನ್ನ ಇಲ್ಲೇ ಇಳಿಸಿ ಹೋಗಿ. ಮನೇಲಿ ಒಬ್ರಾದ್ರೂ ಉಳೀಲಿ."

ಹೆಂಡತಿ ಇಳಿದು ನಿಂತಳು. ಮುದುಕ ಬೆಣೆ ಕಿತ್ತ. ತುಕ್ಕು ಉಜ್ಜಿದ, ಒಳಗೆ ಸತ್ತುಹೋಗಿದ್ದ ಶಾಕ್ ಅಬ್ಸಾರ್ಬರ್ ಬದಲಿಸಿದ, ಗ್ರೀಸ್ ತುಂಬಿದ.

"ಅದು ಬೈತಾ ಇರ್ಲಿಲ್ಲ, ಗ್ರೀಸ್ ಕೇಳ್ತಾ ಇತ್ತು. ಜೀಪು ನಿಧಾನಿಸಿದ್ರೆ ಹಿಂದಿನ ಭಾರ ನೂಕುತ್ತೆ. ನೂಕಿದ್ರೆ ಈ ಕೊಳವೆ ಒಳಗೆ ಜಾರಿ ಸರಳನ್ನ ಒತ್ತುತ್ತೆ, ಸರಳು ಟ್ರೇಲರಿನ ಬ್ರೇಕ್ ಹಿಡಿಯುತ್ತೆ. ನೂಕಿದಷ್ಟೂ ಗಟ್ಟಿ ಹಿಡಿಯುತ್ತೆ. ಬೆಣೆ ಬಡಿದ್ರೆ ಜಾರೋದೂ ಇಲ್ಲ, ಬ್ರೇಕೂ ಇಲ್ಲ."

ಹೆಂಡತಿ ಮತ್ತೆ ಹತ್ತಿದಳು. ಪ್ರತಿ ತಿರುವಿನಲ್ಲೂ ನಲವತ್ತು ಪೆಟ್ಟಿಗೆಗಳ ಭಾರ ಬೆನ್ನಿಗೆ ಬಂತು. ಪ್ರತಿ ತಿರುವಿನಲ್ಲೂ ಆ ಭಾರವೇ ತನ್ನನ್ನು ತಡೆದುಕೊಂಡಿತು. ಟ್ರೇಲರಿನ ಬ್ರೇಕಿಗೆ ಯಾರ ಕಾಲೂ ತಾಗಿರಲಿಲ್ಲ. ಕೆಳಗೆ ಮುಟ್ಟಿದ ಮೇಲೆ ಜೇನಿನವನು ಚಪ್ಪಲಿ ಬಿಟ್ಟು ಕಪ್ಲಿಂಗಿಗೆ ಕೈ ಮುಗಿದ. ಹೆಂಡತಿ ನಗಲಿಲ್ಲ. ಅವಳೂ ಮುಗಿದಳು.

ಕತೆ ಮುಗಿಯಿತು. ಅಡವಯ್ಯನ ಕಣ್ಣು ಅರಳಿತ್ತು. "ಎಂಥ ಯಂತ್ರ, ಗುರುಗಳೇ! ನೂಕುವುದೇ ಕಾಯುತ್ತದಲ್ಲ!"

"ಅದಿರಲಿ, ಈ ನಾಲ್ಕು ದಿನದಲ್ಲಿ ನೀನು ಆ ಮಜ್ಜಿಗೆ ಕುಡಿದೆಯಾ?"

ಅಂದು ಮಠದಲ್ಲಿ ಮೌನ ಹಿಡಿದವನು ಅಡವಯ್ಯನೊಬ್ಬನೇ.

ಮರುದಿನ ಮಜ್ಜಿಗೆಗೆ ಉಪ್ಪು ಸರಿಯಾಗಿತ್ತು.